ರೊಕ್ಕ ಕೇಳೋಕೆ ಮುಂಚೆ

ನಮ್ಮ ವಾಚನಾಲಯಕ್ಕೆ ಹೊಸ ಶೀಟು ಬಿದ್ದ ಮೇಲೆ ಸುತ್ತಲ ಊರುಗಳಿಂದ ಯಾರಾದ್ರೂ ಒಬ್ಬರು ಬಂದು ನನ್ನನ್ನ ಕೇಳ್ತಾನೇ ಇದ್ದಾರೆ. "ಅಣ್ಣಾ, ನಮ್ಮದೂ ಒಂದು ಸಂಘ ಐತೆ, ಗ್ರಾಂಟು ಎಲ್ಲಿ ಸಿಗುತ್ತೆ ಹೇಳು." ಭಜನೆ ಮೇಳದವರು, ಯುವಕ ಸಂಘದವರು, ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳೋ ಹುಡುಗಿಯರು, ಎಲ್ಲರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಹೇಳೋ ಬದಲು ಬರೆದುಕೊಡು ಅಂತ ನಮ್ಮ ಮೇಷ್ಟ್ರು ಅಂದ್ರು. ನಾನು ಓದಿದ್ದು ಏಳನೇ ಕ್ಲಾಸು. ಹಾಡು ಅಂದ್ರೆ ರಾತ್ರಿಯೆಲ್ಲಾ ಹಾಡ್ತೀನಿ, ಬರೆಯೋದು ಅಂದ್ರೆ ಕೈ ನಡುಗುತ್ತೆ. ತಪ್ಪಿದ್ರೆ ಓದೋರು ತಿದ್ದಿಕೊಳ್ಳಬೇಕು.

ರೊಕ್ಕ ಎಲ್ಲಿ ಸಿಗುತ್ತೆ ಅನ್ನೋದನ್ನ ಹೇಳ್ತೀನಿ. ಅದಕ್ಕೆ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಅದನ್ನ ಬಿಟ್ಟು ಉಳಿದದ್ದು ಹೇಳಿದ್ರೆ ನಿಮಗೆ ಉಪಯೋಗ ಇಲ್ಲ.

ಇಪ್ಪತ್ತು ವರ್ಷದ ಹಿಂದೆ ನಮ್ಮದು ಎಂಟು ಜನದ ಮೇಳ. ಹಾರ್ಮೋನಿಯಂ ಹಳೇದಾಗಿ ಮೂರು ಮನೆ ಸ್ವರ ಬರ್ತಿರಲಿಲ್ಲ. ಹೊಸದು ತರೋಣ ಅಂತ ಶಿವರಾತ್ರಿ ಮುಂದೆ ಐದು ಊರು ತಿರುಗಿದ್ವಿ. ರೊಕ್ಕ ಇದ್ದೋರು ರೊಕ್ಕ ಕೊಟ್ರು, ಇಲ್ಲದೋರು ಸೇರು ಎರಡು ಸೇರು ಶೇಂಗಾ, ಜೋಳ ಹಾಕಿದ್ರು. ಬಂದದ್ದನ್ನೆಲ್ಲಾ ನಾನೇ ಶಲ್ಯದ ತುದೀಲಿ ಗಂಟು ಹಾಕ್ಕೊಂಡೆ. ಕಾಳು ಮಾರಿದ್ದೂ ನಾನೇ. ಯಾವುದನ್ನೂ ಬರಕೊಳ್ಳಲಿಲ್ಲ. ಹಾರ್ಮೋನಿಯಂ ಬಂತು. ಬಸ್ಸಿಗೆ ಹೋಯ್ತು, ಊಟಕ್ಕೆ ಹೋಯ್ತು, ತಬಲ ಕಟ್ಟಿಸೋಕೆ ಹೋಯ್ತು.

ಒಂದು ದಿನ ಭಜನೆ ಮುಗಿದ ಮೇಲೆ, ನಮ್ಮಲ್ಲಿ ತಾಳ ಹಾಕೋ ಜೊತೆಗಾರ ಎಲ್ಲರ ಮುಂದೆ ಕೇಳಿದ: "ಅಣ್ಣಾ, ಎಷ್ಟು ಬಂತು, ಎಷ್ಟು ಹೋಯ್ತು, ಒಂದು ಸಲ ಬಾಯಲ್ಲಿ ಹೇಳಿಬಿಡು." ನನಗೆ ಸಿಟ್ಟು ಬಂತು. "ನನ್ನನ್ನ ಕಳ್ಳ ಅಂತೀಯೇನೋ?" ಅಂದೆ. ಅವನು ಹಂಗೆ ಅಂದಿರಲಿಲ್ಲ. ತಾಳ ಕಟ್ಟೆ ಮೇಲಿಟ್ಟು ಎದ್ದು ಹೋದ. ಆಮೇಲೆ ನಮ್ಮ ಜೊತೆ ಹಾಡೋಕೆ ಬರಲೇ ಇಲ್ಲ. ಒಂದು ವರ್ಷದಲ್ಲಿ ಇನ್ನೂ ಮೂವರು ಬಿಟ್ರು. ದೇವರಾಣೆ ಹೇಳ್ತೀನಿ, ಒಂದು ರೂಪಾಯಿನೂ ನಾನು ತಿಂದಿರಲಿಲ್ಲ. ಆದ್ರೆ ತಿಂದಿಲ್ಲ ಅಂತ ತೋರಿಸೋಕೆ ನನ್ನ ಹತ್ರ ಒಂದು ಚೀಟಿ ಇರಲಿಲ್ಲ.

ಈಗ ವಾಚನಾಲಯದ ಕತೆ. ಒಂದೇ ಕೋಣೆ, ಮೇಲೆ ಹಳೇ ತಗಡು. ಮಳೆ ಕಮ್ಮಿ ಇರೋ ಸೀಮೆ ನಮ್ಮದು, ಆದ್ರೆ ಬಂದ ಎರಡು ಮಳೆಯೂ ಪುಸ್ತಕದ ಮೇಲೇ ಸೋರುತ್ತಿತ್ತು. ಹುಡುಗರು ಪರೀಕ್ಷೆಗೆ ಓದೋದು ಅಲ್ಲೇ, ನಮ್ಮಂಥೋರು ಕನ್ನಡ ಪೇಪರು, ತೆಲುಗು ಪೇಪರು ನೋಡೋದು ಅಲ್ಲೇ. ಹಿಂಗೇ ಬಿಟ್ರೆ ಇನ್ನೊಂದು ವರ್ಷಕ್ಕೆ ಬೀಗ ಹಾಕಬೇಕಾಗಿತ್ತು. ಸರಿ, ಗ್ರಾಂಟು ಕೇಳೋಣ ಅಂತ ಹೊರಟ್ವಿ.

ಈ ಕಡೆಯ ಒಂದು ಕಚೇರೀಲಿ ಅರ್ಜಿ ನೋಡಿ, "ಕನ್ನಡದ ಪುಸ್ತಕಾನಾ? ಹಂಗಾದ್ರೆ ಕರ್ನಾಟಕದಲ್ಲಿ ಕೇಳಿ" ಅಂದ್ರು. ಆ ಕಡೆಯ ಒಂದು ಕಚೇರಿಗೆ ಹೋದ್ರೆ, "ನೀವು ಆಂಧ್ರದೋರಲ್ವಾ?" ಅಂದ್ರು. ಗಡಿಯೋರ ಪಾಡು ಇದೇ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯ್ತು, ರಾಯದುರ್ಗ, ಆಲೂರು, ಆದೋನಿ ಆಂಧ್ರಕ್ಕೆ ಬಂದವು. ಗೆರೆ ಹಾಕಿದೋರು ಹಾಕಿದ್ರು, ಮನೇಲಿ ಆಡೋ ಮಾತು ಗೆರೆ ನೋಡಿ ನಿಲ್ಲಲಿಲ್ಲ.

ಅಲ್ಲಿಗೇ ಬಿಡ್ತಿದ್ವೋ ಏನೋ. ನಮ್ಮ ಮೇಷ್ಟ್ರು ರಿಟೈರ್ ಆಗಿದ್ರು, ಅವರಿಗೆ ಕನ್ನಡ, ತೆಲುಗು, ಇಂಗ್ಲೀಷು ಮೂರೂ ಬರುತ್ತೆ. ಅವರು ನನ್ನನ್ನ ಕೂರಿಸಿಕೊಂಡು ಬಾಗಿಲು ಎಷ್ಟಿವೆ ಅಂತ ಒಂದೊಂದಾಗಿ ಬರೆಸಿದ್ರು. ಆ ಹಾಳೆ ಈಗಲೂ ನನ್ನ ಹತ್ರ ಇದೆ. ಅದರಲ್ಲಿರೋದು ಇಷ್ಟು.

ಮೊದಲನೇದು, ಸಂಘ ಅಂದ್ರೆ ಬಾಯಿಮಾತಿನ ಸಂಘ ಆಗಬಾರದು. ಆಂಧ್ರದಲ್ಲಿ 2001ರ ಸಂಘಗಳ ನೋಂದಣಿ ಕಾಯಿದೆ ಇದೆ. ಏಳು ಜನ ಸೇರಿದ್ರೆ ಸಾಕು, ಬೈಲಾ ಬರೆದು ನೋಂದಣಿ ಮಾಡಿಸಬಹುದು. ಆಮೇಲೆ ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡು, ಇಬ್ಬರು ಸಹಿ ಮಾಡೋ ಬ್ಯಾಂಕ್ ಖಾತೆ. ವರ್ಷಕ್ಕೊಂದು ಸಲ ಸಭೆ ಸೇರಿ ಪದಾಧಿಕಾರಿಗಳ ಪಟ್ಟಿ ನೋಂದಣಿ ಕಚೇರಿಗೆ ಕೊಡಬೇಕು. ಎಷ್ಟೋ ಸಂಘಗಳು ನೋಂದಣಿ ಆದ ವರ್ಷ ಇರ್ತಾವೆ, ಮುಂದಿನ ವರ್ಷ ಕಾಗದ ಕೊಡೋದು ಮರೀತಾವೆ. ಕೇಂದ್ರ ಸರ್ಕಾರದ ನೆರವು ಬೇಕಂದ್ರೆ ನೀತಿ ಆಯೋಗದ ದರ್ಪಣ್ ಅನ್ನೋ ಕಡೆ ಹೆಸರು ಸೇರಿಸಿ ನಂಬರು ತಗೋಬೇಕು.

ಎರಡನೇದು, ಪುಸ್ತಕದ ಕೆಲಸಕ್ಕೆ. ನಾವು ಕಟ್ಟೋ ಮನೆ ತೆರಿಗೆ ರೂಪಾಯಿಗೆ ಎಂಟು ಪೈಸೆ ಗ್ರಂಥಾಲಯದ ಸೆಸ್ಸು ಅಂತ ಸೇರಿರುತ್ತೆ. ಇದು ನನಗೆ ಅಲ್ಲಿವರೆಗೂ ಗೊತ್ತಿರಲಿಲ್ಲ. 1960ರ ಗ್ರಂಥಾಲಯ ಕಾಯಿದೆ ಪ್ರಕಾರ ಆ ರೊಕ್ಕ ಜಿಲ್ಲಾ ಗ್ರಂಥಾಲಯ ಸಂಸ್ಥೆಗೆ ಹೋಗುತ್ತೆ. ಹಂಗಾಗಿ ಅಲ್ಲಿಗೆ ಹೋಗಿ ಕೇಳೋದು ಭಿಕ್ಷೆ ಅಲ್ಲ. ಕೋಲ್ಕತ್ತಾದಲ್ಲಿ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಅಂತ 1972ರಿಂದ ಇದೆ. ಪುಸ್ತಕ, ಬೀರು, ಕಟ್ಟಡ ಇವಕ್ಕೆ ಅವರದ್ದೊಂದೊಂದು ಯೋಜನೆ ಇದೆ, ಸಂಘಗಳು ನಡೆಸೋ ಗ್ರಂಥಾಲಯಕ್ಕೂ ಇದೆ. ಅರ್ಜಿ ರಾಜ್ಯದ ಗ್ರಂಥಾಲಯ ಇಲಾಖೆ ಮೂಲಕ ಹೋಗಬೇಕು.

ಮೂರನೇದು, ಕನ್ನಡದ ಕೆಲಸಕ್ಕೆ. ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂತ ಇದೆ, 2010ರ ಕಾಯಿದೆಯಿಂದ ಆದದ್ದು. ಗಡಿಯಾಚೆ ಇರೋ ಕನ್ನಡದ ಶಾಲೆ, ಸಂಘಗಳಿಗೂ ಅದು ನೆರವು ಕೊಡುತ್ತೆ. ಹಾಡು, ಕುಣಿತ, ನಾಟಕದೋರು ಅಲ್ಲಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕರೆಯೋ ಅರ್ಜಿಗಳನ್ನೂ ಪೇಪರಿನಲ್ಲಿ ನೋಡ್ತಿರಬೇಕು. ಅರ್ಜಿಗೆ ಕಡೇ ದಿನ ಇರುತ್ತೆ, ನಮ್ಮ ಹಬ್ಬ ನೋಡ್ಕೊಂಡು ಅದು ಕಾಯಲ್ಲ.

ನಾಲ್ಕನೇದು, ಕಂಪನಿಗಳು. ನಮ್ಮ ಸೀಮೆ ಬಯಲಲ್ಲಿ ಈಗ ಗಾಳಿ ಫ್ಯಾನುಗಳು ತಿರುಗ್ತಾ ನಿಂತಿದಾವೆ. 2013ರ ಕಂಪನಿ ಕಾಯಿದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕೆ ಹಾಕಬೇಕು, ತಾವು ಕೆಲಸ ಮಾಡೋ ಜಾಗಕ್ಕೆ ಆದ್ಯತೆ ಕೊಡಬೇಕು. ಆದ್ರೆ ಆ ರೊಕ್ಕ ತಗೋಳೋ ಸಂಘಕ್ಕೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಕಂಪನಿ ಇಲಾಖೆಯಲ್ಲೂ ಹೆಸರು ಹಾಕಿಸಬೇಕು. ಹೊಸ ಸಂಘಕ್ಕೆ ಇದು ಮೊದಲ ವರ್ಷದ ಕೆಲಸ ಅಲ್ಲ.

ಐದನೇದು, ಹೊರದೇಶದ ರೊಕ್ಕ. ಇದರ ಆಸೆ ಸದ್ಯಕ್ಕೆ ಬಿಡಿ ಅಂದ್ರು ಮೇಷ್ಟ್ರು. ಅದಕ್ಕೆ ಕೇಂದ್ರ ಗೃಹ ಇಲಾಖೆಯ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ದೊಡ್ಡ ಸಂಸ್ಥೆ ತನಗೆ ಬಂದ ಹೊರದೇಶದ ರೊಕ್ಕವನ್ನ ಇನ್ನೊಂದು ಸಣ್ಣ ಸಂಘಕ್ಕೆ ಹಂಚೋ ಹಂಗಿಲ್ಲ. ದೊಡ್ಡ ಸಂಸ್ಥೆ ಅಂದ್ರೆ ನಮ್ಮ ಜಿಲ್ಲೇಲಿ ಎಲ್ಲರಿಗೂ ನೆನಪಾಗೋದು ಆರ್‌ಡಿಟಿ, 1969ರಲ್ಲಿ ಅನಂತಪುರಕ್ಕೆ ಬಂದ ಫಾದರ್ ಫೆರರ್ ಕಟ್ಟಿದ್ದು. ಅಷ್ಟು ದೊಡ್ಡ ಸಂಸ್ಥೆ ಕೂಡ ಆಮೇಲೆ ನಮ್ಮಂಥ ಹಳ್ಳಿ ಮನೆಗಳಲ್ಲೇ ಹುಂಡಿ ಇಡಿಸಿ ಇಲ್ಲಿನ ರೂಪಾಯಿಯನ್ನೂ ಕೂಡಿಸೋಕೆ ಶುರು ಮಾಡ್ತು.

ಇಷ್ಟು ಬರೆಸಿ ಮೇಷ್ಟ್ರು ಕೇಳಿದ್ರು, "ಅಣ್ಣಾ, ಈ ಐದು ಬಾಗಿಲಲ್ಲೂ ಒಳಗಿರೋರು ಮೊದಲು ಕೇಳೋದು ಏನು ಗೊತ್ತಾ? ಇದುವರೆಗೂ ನೀವೇನು ಮಾಡಿದೀರಿ, ಲೆಕ್ಕ ತೋರಿಸಿ ಅಂತ. ಹಿಂದಿನ ವರ್ಷಗಳ ಆಡಿಟ್ ಕೇಳ್ತಾರೆ. ನಿಮ್ಮ ಹತ್ರ ಏನಿದೆ?"

ಕಟ್ಟೆ ಮೇಲೆ ತಾಳ ಇಟ್ಟು ಹೋದೋನು ನನ್ನ ಕಣ್ಣ ಮುಂದೆ ಬಂದ. ಅವನು ಕೇಳಿದ್ದೂ ಇದೇ ಮಾತು. ಅವನು ಕೇಳಿದಾಗ ಸಿಟ್ಟು ಮಾಡ್ಕೊಂಡೆ, ಈಗ ಕಚೇರಿಯೋರು ಕೇಳ್ತಾರೆ ಅಂದ್ರೆ ತಲೆ ತಗ್ಗಿಸ್ತಾ ಇದೀನಿ.

ಆ ದಿನವೇ ಒಂದು ಉದ್ದನೇ ಲೆಕ್ಕದ ಪುಸ್ತಕ ತಂದ್ವಿ. ಮೊದಲು ನಮ್ಮ ಊರಲ್ಲೇ ಕೇಳೋಣ ಅಂತ ತೀರ್ಮಾನ ಆಯ್ತು. ಒಬ್ಬನ ಕೈಲಿ ಪುಸ್ತಕ, ಒಬ್ಬನ ಕೈಲಿ ರೊಕ್ಕ, ಇನ್ನೊಬ್ಬನ ಕೈಲಿ ರಸೀದಿ. ಹತ್ತು ರೂಪಾಯಿ ಕೊಟ್ರೂ ರಸೀದಿ. ಕಾಳು ಕೊಟ್ರೆ ಅವತ್ತಿನ ಬೆಲೆ ಹಾಕಿ ಬರೆಯೋದು. ಒಂದು ದಿನ ಕೂಲಿ ಕೆಲಸ ಮಾಡಿಕೊಟ್ರೆ ಆ ಕೂಲಿ ಬರೆಯೋದು. ಟ್ರ್ಯಾಕ್ಟರಲ್ಲಿ ಮರಳು ತಂದೋರ ಬಾಡಿಗೆ ಬರೆಯೋದು. ಒಬ್ಬ ಮುದುಕಿ ಇಪ್ಪತ್ತು ರೂಪಾಯಿ ಕೊಟ್ಟು, "ನನ್ನ ಹೆಸರು ಬರೆದ್ಯಾ?" ಅಂದ್ಲು. "ಬರೆದೆ ಕಣವ್ವಾ" ಅಂದೆ. "ಓದು ನೋಡಾನ" ಅಂದ್ಲು. ಓದಿದೆ. ಇನ್ನೊಂದು ಸಲ ಓದಿಸಿಕೊಂಡ್ಲು. ಆಕೆಗೆ ಓದು ಬರಲ್ಲ, ವಾಚನಾಲಯದ ಒಳಗೆ ಒಂದು ದಿನನೂ ಕಾಲಿಟ್ಟೋಳಲ್ಲ.

ಈ ನಡುವೆ ಒಬ್ಬ ಬಂದಿದ್ದ. ಬಿಳೀ ಅಂಗಿ, ಚೀಲದ ತುಂಬಾ ಫಾರಂ. "ಗ್ರಾಂಟು ನಾನು ಮಾಡಿಸಿಕೊಡ್ತೀನಿ, ನೂರಕ್ಕೆ ಇಪ್ಪತ್ತು ನನಗೆ, ಐದು ಸಾವಿರ ಮುಂಗಡ" ಅಂದ. ಆ ಇಪ್ಪತ್ತನ್ನ ಪುಸ್ತಕದಲ್ಲಿ ಯಾವ ಹೆಸರಲ್ಲಿ ಬರೆಯೋದು ಅಂತ ನಮ್ಮ ಹುಡುಗ ಕೇಳಿದ. ಅವನ ಹತ್ರ ಉತ್ತರ ಇರಲಿಲ್ಲ. ನಿಮ್ಮೂರಿಗೂ ಅಂಥೋರು ಬರ್ತಾರೆ. ಪುಸ್ತಕದಲ್ಲಿ ಬರೆಯೋಕೆ ಆಗದ ರೊಕ್ಕ ಕೊಡಬೇಡಿ, ತಗೋಬೇಡಿ.

ಎರಡು ವರ್ಷ ಲೆಕ್ಕ ನಡೆಸಿ ಆಡಿಟ್ ಮಾಡಿಸಿದ ಮೇಲೆ ಒಂದು ಕಡೆಯಿಂದ ನಮಗೆ ನೆರವು ಬಂತು. ಅದು ಪುಸ್ತಕ ಕೊಳ್ಳೋಕೆ ಮಾತ್ರ. ಇಲ್ಲೇ ಶುರುವಾಯ್ತು ಕಷ್ಟ. ಶೀಟಿಗೆ ಊರ ರೊಕ್ಕ ಇನ್ನೂ ಸಾಲದು. "ಮಾಡು ಸೋರುವಾಗ ಪುಸ್ತಕ ತಂದು ಏನ್ಮಾಡ್ತೀರಿ? ಅರ್ಧ ಶೀಟಿಗೆ ಹಾಕೋಣ, ಪುಸ್ತಕದ ಬಿಲ್ಲು ಮಾಡಿಸಿಕೊಂಡ್ರಾಯ್ತು" ಅಂದ್ರು ಕೆಲವರು. ಅವರೇನು ಕೆಟ್ಟೋರಲ್ಲ. ನನಗೂ ಅರೆಗಳಿಗೆ ಸರಿ ಅನ್ನಿಸ್ತು.

ಆಗ ಮೇಷ್ಟ್ರು ಲೇಪಾಕ್ಷಿ ಮಾತು ತೆಗೆದ್ರು. ಹಿಂದೂಪುರದ ಹತ್ರದ ಆ ವೀರಭದ್ರನ ಗುಡಿಗೆ ನಮ್ಮಲ್ಲಿ ಹೋಗದೋರು ಯಾರು? ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ್ದು. ಜನ ಹೇಳೋ ಕತೆ ಹಿಂಗಿದೆ: ವಿರೂಪಣ್ಣ ಖಜಾನೆ ನೋಡ್ಕೊಳ್ಳೋನು, ರಾಜನಿಗೆ ಹೇಳದೆ ಖಜಾನೆ ರೊಕ್ಕ ಗುಡಿಗೆ ಹಾಕಿದ. ರಾಜ ಬಂದು ಕಣ್ಣು ಕೀಳಿಸಿ ಅಂದ. ಅದಕ್ಕೆ ಮುಂಚೆ ಅವನೇ ತನ್ನ ಕಣ್ಣು ಕಿತ್ತು ಗೋಡೆಗೆ ಎಸೆದ. ಗೋಡೆ ಮೇಲಿನ ಕೆಂಪು ಗುರುತು ಈಗಲೂ ತೋರಿಸ್ತಾರೆ. ಕಲ್ಯಾಣ ಮಂಟಪ ಅರ್ಧಕ್ಕೇ ನಿಂತಿದೆ. "ನೋಡಿ, ಅವನು ತನ್ನ ಮನೆ ಕಟ್ಟಿಸಲಿಲ್ಲ, ದೇವರ ಗುಡಿ ಕಟ್ಟಿಸಿದ. ಆದ್ರೂ ಕೇಳದೆ ಹಾಕಿದ್ದು ತಪ್ಪಾಯ್ತು" ಅಂದ್ರು ಮೇಷ್ಟ್ರು. ಯಾರೂ ಮಾತಾಡಲಿಲ್ಲ.

ಪುಸ್ತಕದ ರೊಕ್ಕಕ್ಕೆ ಪುಸ್ತಕವೇ ತಂದ್ವಿ. ಒಂದು ಮಳೆಗಾಲ ಪೂರ್ತಿ ಆ ಪುಸ್ತಕಗಳು ನಮ್ಮ ಮನೇಲಿ, ಟ್ರಂಕಿನೊಳಗೆ, ಶೇಂಗಾ ಚೀಲದ ಪಕ್ಕ ಇದ್ದವು. ನನ್ನ ಹೆಂಡತಿ ಇಲಿ ಕಾಯ್ದಳು. ಹುಡುಗರು ಮನೆಗೇ ಬಂದು ಬರೆಸಿ ಒಯ್ತಿದ್ರು. ಹಣ ಬಳಸಿದ ಪ್ರಮಾಣಪತ್ರ, ಬಿಲ್ಲು ಎಲ್ಲಾ ಹೇಳಿದ ದಿನದೊಳಗೆ ಕಳಿಸಿದ್ವಿ. ಶೀಟು ಬಿದ್ದದ್ದು ಅದರ ಮುಂದಿನ ಬೇಸಿಗೇಲಿ, ಊರ ರೊಕ್ಕದಿಂದಲೇ.

ಒಂದು ಮಾತು ಉಳೀತು. ಶೀಟಿಗೆ ರೊಕ್ಕ ಕೂಡಿಸುವಾಗ ಆ ತಾಳದ ಜೊತೆಗಾರನ ಮನೆ ಮುಂದೆ ಹೋಗೋಕೆ ನನಗೆ ಧೈರ್ಯ ಬರಲಿಲ್ಲ, ಹುಡುಗರನ್ನ ಕಳಿಸಿದೆ. ಅವನು ಅವರ ಕೈಗೆ ಕೊಡಲಿಲ್ಲ. ಸಂಜೆ ತಾನೇ ವಾಚನಾಲಯಕ್ಕೆ ಬಂದ. ಐನೂರು ರೂಪಾಯಿ ನನ್ನ ಮುಂದಿಟ್ಟು, "ರಸೀದಿ ಬರಿ" ಅಂದ. ಬರೆದೆ. ಅಕ್ಷರ ಸೊಟ್ಟಗಾದವು. ಅವನು ನಿಂತು ಪೂರ್ತಿ ಓದಿ, ಮಡಚಿ ಜೇಬಿಗೆ ಹಾಕ್ಕೊಂಡ. "ಹಾರ್ಮೋನಿಯಂ ಲೆಕ್ಕ ನನಗೆ ನೆನಪಿದ್ದಷ್ಟು ಬರೆದಿದೀನಿ, ಮುನ್ನೂರ ನಲವತ್ತು ರೂಪಾಯಿ ಎಲ್ಲಿ ಹೋಯ್ತೋ ಸಿಕ್ತಿಲ್ಲ" ಅಂತ ಅಂದೆ. ಆ ಹಾಳೆ ಪುಸ್ತಕದ ಕೊನೇಲಿ ಅಂಟಿಸಿದ್ದೆ, ತೋರಿಸಿದೆ. ನೋಡಿದ. "ಆಗಲಿ" ಅಂದು ಹೋದ.

ಮೇಳಕ್ಕೆ ಅವನು ತಿರುಗಿ ಬಂದಿಲ್ಲ. ತಾಳ ನಮ್ಮ ಮನೇಲೇ ಇದೆ.

ಲೆಕ್ಕದ ಪುಸ್ತಕ ವಾಚನಾಲಯದ ಮೇಜಿನ ಮೇಲೆ, ಪೇಪರಿನ ಪಕ್ಕ ಇರುತ್ತೆ. ಗ್ರಾಂಟು ಎಲ್ಲಿ ಸಿಗುತ್ತೆ ಅಂತ ಕೇಳೋಕೆ ಬರೋರು ಮೊದಲು ಅದನ್ನ ತೆಗೆದು ನೋಡಿ. ಆಮೇಲೆ ಮೇಷ್ಟ್ರು ಬರೆಸಿದ ಹಾಳೆ ಕೊಡ್ತೀನಿ.