ದಂಡಿನ ಲಾರಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮ್ಮ ಮನಸ್ಸು ದೇವಾಲಯದ ಕಡೆಗೆ ಹರಿಯುವುದು ಸಹಜವಷ್ಟೆ. ಆದರೆ ಯುದ್ಧವನ್ನು ಕಂಡ ಮೋಟಾರು ಲಾರಿಯನ್ನೂ ಅಷ್ಟೇ ಶ್ರದ್ಧೆಯಿಂದ ಉದ್ಧರಿಸುವವರು ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಬಹುಮಂದಿ ಇರುವರು. ಅವರ ಅಕ್ಕರೆಗೆ ಪಾತ್ರವಾದ ವಾಹನಗಳಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಎರಡೂವರೆ ಟನ್ನಿನ ದಂಡಿನ ಲಾರಿ ಮುಖ್ಯವಾದುದು. 1941ರಿಂದ 1945ರವರೆಗೆ ಇಂತಹವು ಐದು ಲಕ್ಷಕ್ಕೂ ಮಿಗಿಲಾಗಿ ತಯಾರಾದುವು.

ಈ ಕೆಲಸದಲ್ಲಿ ನಿಸ್ಸಂಕೋಚವಾಗಿ ಬದಲಿಸಬೇಕಾದುವು ಕೆಲವುಂಟು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಸಿರುವುದು. ರಬ್ಬರು ಬಿರುಸಾಗಿ ಬಿರಿದಿರುವುದು. ಯುದ್ಧಕಾಲದಲ್ಲಿ ಉಕ್ಕನ್ನು ಉಳಿಸಲೆಂದು ಮರದಿಂದ ಕಟ್ಟಿದ ಸರಕಿನ ತೊಟ್ಟಿಯು ಕೊಳೆತಿರುವುದು. ಹಿಡಿಯದ ಬ್ರೇಕನ್ನು ಪುರಾತನವೆಂದು ಪೂಜಿಸಿದರೆ ಎದುರಿಗೆ ಬರುವವನ ಗತಿಯೇನು?

ಬಣ್ಣದ ಮಾತು ಬೇರೆ. ಯುದ್ಧಾನಂತರ ಈ ಲಾರಿಗಳು ರೈತನ ಮನೆಯನ್ನೋ ಮರದ ಕೂಪನ್ನೋ ಸೇರಿ, ಹಸುರಿನ ಮೇಲೆ ಕೆಂಪು ನೀಲಿಗಳನ್ನು ಬಳಿಸಿಕೊಂಡುವು. ನಯವಾದ ಮರಳುಕಾಗದದಿಂದ ಪದರ ಪದರವಾಗಿ ಉಜ್ಜಿದರೆ ಕೆಳಗಿನಿಂದ ಬಿಳಿಯ ನಕ್ಷತ್ರವೂ, ಬಂಪರಿನ ಮೇಲೆ ದಳದ ಗುರುತೂ ಮೂಡಿ ಬರುವುದುಂಟು. ಗಾಳಿಯ ಬಲದಿಂದ ಮರಳೆರಚಿ ತೊಳೆದರೆ ಕ್ಷಣದಲ್ಲಿ ಎಲ್ಲವೂ ಮಾಯ. ಗುಡಿಯ ಶಾಸನದ ಮೇಲೆ ಸುಣ್ಣ ಬಳಿದ ನಮ್ಮ ಭಕ್ತರನ್ನು ಕಂಡವರಿಗೆ ಈ ನಷ್ಟವನ್ನು ವಿವರಿಸಬೇಕಾಗಿಲ್ಲ.

ಆ ಗುರುತಿಗೆ ಅಷ್ಟು ಬೆಲೆಯೇಕೆ? 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಸಾಗಣೆಯ ಏರ್ಪಾಡು ನಡೆಯಿತು. ಬಾಂಬಿನ ದಾಳಿಯಿಂದ ರೈಲುದಾರಿಗಳು ಕೆಟ್ಟಿದ್ದುದರಿಂದ, ಮುನ್ನುಗ್ಗುವ ಸೇನೆಗೆ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಸಾಮಗ್ರಿಯನ್ನು ಹಗಲಿರುಳೂ ಲಾರಿಗಳೇ ಹೊತ್ತುವು. ಚಾಲಕರಲ್ಲಿ ಸುಮಾರು ಮುಕ್ಕಾಲುಪಾಲು ಕರಿಯರು. ಅವರನ್ನು ಬೇರೆ ದಳಗಳಲ್ಲಿಯೇ ಇರಿಸುತ್ತಿದ್ದರು. ಆ ಭೇದವನ್ನು ತೊಡೆಯುವ ಆಜ್ಞೆಯನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದುದು 1948ರಲ್ಲಿ. ಮುಂದೆ 1973ರಲ್ಲಿ ಸೇಂಟ್ ಲೂಯಿಸಿನ ದಫ್ತರಖಾನೆಗೆ ಬೆಂಕಿ ಬಿದ್ದು, 1912ರಿಂದ 1960ರವರೆಗೆ ಸೇವೆಯಿಂದ ಬಿಡುಗಡೆಯಾದ ಭೂಸೈನಿಕರ ಕಡತಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಸುಟ್ಟುಹೋದುವು.

ಸೇನಾಪತಿಗಳ ಹೆಸರನ್ನು ಗ್ರಂಥಗಳು ಕಾಯುತ್ತವೆ. ಕಾಗದವೂ ಉಳಿಯದ ಸಾಮಾನ್ಯ ಚಾಲಕನ ಪಾಲಿಗೆ, ಬಂಪರಿನ ಮೇಲಿನ ಮಾಸಿದ ನಾಲ್ಕಕ್ಷರವೇ ಶಾಸನವಾದೀತು. ಲಾರಿ ಮತ್ತೆ ಓಡಲಿ, ಹೊಸ ಬಣ್ಣವನ್ನೂ ತೊಡಲಿ. ಆದರೆ ಅಂಗೈಯಗಲದಷ್ಟಾದರೂ ಹಳೆಯ ಬಣ್ಣವನ್ನು ಮುಟ್ಟದೆ ಬಿಡುವ ಉದ್ಧಾರಕನೇ ನನ್ನ ದೃಷ್ಟಿಯಲ್ಲಿ ಹೆಚ್ಚು ಭಕ್ತಿವಂತನು.