ಪರಕಾಯಪ್ರವೇಶ

ಒಂದು ದೇಹದ ಪ್ರಾಣವು ಮತ್ತೊಂದು ದೇಹವನ್ನು ಸೇರುವ ವಿದ್ಯೆಗೆ ಹಿಂದಿನವರು ಪರಕಾಯಪ್ರವೇಶವೆಂದು ಹೆಸರಿಟ್ಟಿದ್ದರು. ಆ ವಿದ್ಯೆ ಯೋಗಿಗಳೊಡನೆಯೇ ಅಳಿದುಹೋಯಿತೆಂದು ನಂಬಿರುವ ವಾಚಕರು ದಕ್ಷಿಣ ಕೊಡಗಿನ ಕುಟ್ಟದ ಕಡೆಗೊಮ್ಮೆ ಹೋಗಿಬರಬೇಕು. ಬ್ರಹ್ಮಗಿರಿಯ ತಪ್ಪಲಿನಲ್ಲಿ, ಕೇರಳದ ಗಡಿಗೆ ಅಂಟಿಕೊಂಡಿರುವ ಈ ಸೀಮೆಯ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇನ್ನೂ ಓಡಾಡುತ್ತಿವೆ. ಅವುಗಳಲ್ಲಿ ಎಷ್ಟೋ ಜೀಪುಗಳ ಮೈ ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು.

ಮಹೀಂದ್ರ ಸಂಸ್ಥೆ 1947ರಲ್ಲಿ ಅಮೆರಿಕೆಯ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಬಂದ ಸಿ.ಜೆ. 3ಬಿ ಮಾದರಿಯ 2.2 ಲೀಟರಿನ ಪೆಟ್ರೋಲ್ ಎಂಜಿನ್, ಒಳಹೀರುವ ಕವಾಟಗಳು ನೆತ್ತಿಯ ಮೇಲಿದ್ದುದರಿಂದ, ಮೊದಲಿನದಕ್ಕಿಂತ ಎತ್ತರವಾಗಿತ್ತು. ಅದಕ್ಕಾಗಿ ಬಾನೆಟ್ಟನ್ನೂ ಏರಿಸಬೇಕಾಯಿತು. ಚೆಲುವು ಕೆಟ್ಟಿತೆಂದು ಕೆಲವರು ಮೂಗು ಮುರಿದರೂ ಆ ಎತ್ತರದ ಬಾನೆಟ್ಟೇ ಮುಂದೆ ಡೀಸೆಲ್ ಎಂಜಿನ್ನಿಗೆ ಬಿಡಾರವಾಯಿತು. ತೋಟಗಾರರು ಪೆಟ್ರೋಲನ್ನು ತೊರೆದದ್ದು ಶೋಕಿಗಲ್ಲ. ಡೀಸೆಲ್ ಅಗ್ಗ, ನಿಧಾನವಾಗಿ ತಿರುಗುವಾಗಲೇ ಅದಕ್ಕೆ ಎಳೆಯುವ ಬಲ ಹೆಚ್ಚು, ಎಲ್ಲಕ್ಕಿಂತ ಮಿಗಿಲಾಗಿ ಅದಕ್ಕೆ ಕಿಡಿಯ ಹಂಗಿಲ್ಲ. ಆಷಾಢದ ಮಳೆಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಹನಿ ತೇವ ಸೇರಿದರೆ ಪೆಟ್ರೋಲ್ ಜೀಪು ಮೌನವ್ರತ ಹಿಡಿಯುತ್ತದೆ.

ಅಲ್ಲಿಯ ಒಂದು ಮನೆಯಲ್ಲಿ ಮಾತ್ರ 1968ರ ಜೀಪು ತನ್ನ ಹುಟ್ಟು ಎಂಜಿನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಅಜ್ಜ ಕೊಂಡ ಜೀಪು. ಈಗ ಅದು ನೀಲಿ ಹೊಗೆ ಬಿಡುತ್ತ, ಏರಿನಲ್ಲಿ ಏದುಸಿರುಬಿಡುತ್ತ ಸಾಗುತ್ತಿತ್ತು. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಮಗ ರಜೆಗೆ ಬರುವಾಗ ಜೊತೆಗೊಂದು ಬಳಸಿದ ಡೀಸೆಲ್ ಎಂಜಿನ್ನನ್ನೂ ಹೊತ್ತು ತಂದ. ಗಣಕದ ಆಜ್ಞೆಯಂತೆ ಇಂಧನ ಸಿಂಪಡಿಸುವ ಇತ್ತೀಚಿನ ಬಗೆಯದು. ಹಳೆಯದಕ್ಕಿಂತ ಶಕ್ತಿ ಬಹಳ ಹೆಚ್ಚು. ಗೇರ್‌ಬಾಕ್ಸಿಗೂ ಅದಕ್ಕೂ ನಡುವೆ ಲೋಹದ ಫಲಕವೊಂದನ್ನು ಕೊರೆಸಿ ಕೂಡಿಸುವುದು, ಚಾಸಿಗೆ ಹೊಸ ಆಸರೆಗಳನ್ನು ಬೆಸೆಯುವುದು, ದೊಡ್ಡ ರೇಡಿಯೇಟರು, ಹೊಸ ವೈರಿಂಗು; ಹದಿನೈದು ದಿನದ ಕೆಲಸವೆಂಬುದು ಅವನ ಲೆಕ್ಕಾಚಾರ.

ತಂದೆ ಎಂಜಿನ್ನನ್ನು ಸುತ್ತಿ ಬಂದು ನೋಡಿದರು. “ಓಡುವುದಕ್ಕೆ ಇಷ್ಟು ಬಲ ತಂದಿದ್ದೀಯೆ. ನಿಲ್ಲುವುದಕ್ಕೆ?”

ನಾಲ್ಕು ಚಕ್ರಗಳಲ್ಲೂ ಅಜ್ಜನ ಕಾಲದ ಡ್ರಮ್ ಬ್ರೇಕುಗಳೇ. ಮೂರು ಗೇರಿನ ಆ ಪೆಟ್ಟಿಗೆಯೂ ಆಕ್ಸಲುಗಳೂ ಎಪ್ಪತ್ತು ಅಶ್ವಶಕ್ತಿಯ ಆಸುಪಾಸಿಗೆಂದು ಎರಕಗೊಂಡವು. ಒಂದನ್ನು ಬದಲಿಸಿದರೆ ಸರಪಣಿಯಂತೆ ಎಲ್ಲವನ್ನೂ ಬದಲಿಸಬೇಕು. ತಾಯಿಯ ಪ್ರಶ್ನೆ ಇನ್ನೂ ಸರಳವಾಗಿತ್ತು: ಸಂಜೆ ಆನೆ ದಾಟುವ ತಿರುವಿನಲ್ಲಿ ಈ ಗಣಕ ಮುನಿಸಿಕೊಂಡರೆ ಯಾರನ್ನು ಕರೆಯುವುದು? ಮಗನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ.

ಇವೆಲ್ಲಕ್ಕೂ ಮೀರಿದ ತೊಡಕು ಕಾನೂನಿನದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ನೆರೆಯ ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಇಂಧನ ಬದಲಿಸುವ ಅಂಗೀಕೃತ ಸಲಕರಣೆಗಳಿಗೆ ವಿನಾಯಿತಿಯುಂಟು. ಕೊಟ್ಟಿಗೆಯಲ್ಲಿ ಬೆಸೆದ ಎಂಜಿನ್ನಿಗೆ ಅದು ಒದಗದು. ಇನ್ನು 2021ರ ವಿಂಟೇಜ್ ನಿಯಮ: ಐವತ್ತು ವರ್ಷ ದಾಟಿ, ಚಾಸಿ, ಮೈಕಟ್ಟು, ಎಂಜಿನ್ನುಗಳು ಮೂಲರೂಪದಲ್ಲೇ ಉಳಿದ ವಾಹನಕ್ಕೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷದ ನೋಂದಣಿ, ಫಲಕದ ಮೇಲೆ ವಿ.ಎ. ಎಂಬ ಗೌರವಾಕ್ಷರಗಳು. ಈ ಜೀಪಿಗೆ ಆ ಅರ್ಹತೆ ಇತ್ತು. ಎಂಜಿನ್ ಬದಲಾದ ದಿನವೇ ಅದು ತಪ್ಪಿಹೋಗುತ್ತಿತ್ತು. ಆದರೆ ಗೌರವ ಪಡೆದ ವಾಹನ ದಿನಬಳಕೆಗೆ ರಸ್ತೆಗಿಳಿಯುವಂತಿಲ್ಲ! ದುಡಿಯಲೆಂದೇ ಹುಟ್ಟಿದ ಜೀಪಿಗೆ ಇದು ಸನ್ಮಾನವೋ ಬಲವಂತದ ನಿವೃತ್ತಿಯೋ ಹೇಳುವುದು ಕಷ್ಟ. ಕಾಯಿದೆ ಬರೆದವರು ಅರಮನೆಯ ಕಾರುಗಳನ್ನು ಕಂಡಿದ್ದರೇ ಹೊರತು ಮೆಣಸಿನ ಮೂಟೆ ಹೊರುವ ಜೀಪನ್ನು ಕಂಡಿರಲಾರರು.

ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ನಾಲ್ಕನೆಯ ದಿನ ಮಗನೇ ಸ್ಪ್ಯಾನರು ಹಿಡಿದು ಹಳೆಯ ಎಂಜಿನ್ನನ್ನು ಇಳಿಸಿದ. ತಂದದ್ದನ್ನು ಕೊಂಡುದಕ್ಕಿಂತ ಕಡಿಮೆಗೆ ಮಾರಿ, ಸಿಲಿಂಡರುಗಳನ್ನು ಬೋರ್ ಮಾಡಿಸಿ, ಅಳತೆಗೆ ತಕ್ಕ ಪಿಸ್ಟನ್ನು, ರಿಂಗುಗಳನ್ನು ಹಾಕಿಸಿದ. ಡಿಸ್ಟ್ರಿಬ್ಯೂಟರಿಗೆ ರಬ್ಬರಿನ ಹೊದಿಕೆ ಬಂದಿತು. ವಿ.ಎ. ಫಲಕಕ್ಕೆ ಅರ್ಜಿ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ; ಮೂಟೆ ಹೊರಬೇಕಲ್ಲ.

ಐದು ವರ್ಷಕ್ಕೊಮ್ಮೆ ಬರುವ ನೋಂದಣಿಯ ನವೀಕರಣಕ್ಕೆ ತಂದೆ ಮಗ ಇಬ್ಬರೂ ಆ ಜೀಪಿನಲ್ಲೇ ಮಡಿಕೇರಿಗೆ ಹೊರಟರು. ಹೊರಡುವ ಮುನ್ನ ತಂದೆ ಬಾನೆಟ್ಟನ್ನೆತ್ತಿ, ನೀರಿನ ಪಂಪಿನ ಬಳಿ ಅಚ್ಚೊತ್ತಿದ್ದ ಎಂಜಿನ್ ಸಂಖ್ಯೆಯ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರು. ಮಗ ಪುಸ್ತಕ ಹಿಡಿದು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದ.