ವಂಡಲೂರಿನ ಸಿಂಗಳೀಕ ಮತ್ತು ಬೇಲಿಯ ಲಂಟಾನ

ಚೆನ್ನೈ ಬೀಚ್ ನಿಲ್ದಾಣದಿಂದ ಚೆಂಗಲ್ಪಟ್ಟು ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ತಾಂಬರಂ ದಾಟಿದರೆ ವಂಡಲೂರು ಸಿಗುತ್ತದೆ. 1855ರಲ್ಲಿ ಮದರಾಸು ಪಟ್ಟಣದೊಳಗೆ ಹುಟ್ಟಿದ ಮೃಗಾಲಯ 1985ರಲ್ಲಿ ಇಲ್ಲಿಗೆ ಬಂದು, ಅರಿಞರ್ ಅಣ್ಣಾ ಅವರ ಹೆಸರಿನಲ್ಲಿ ವಿಶಾಲವಾಗಿ ಬೆಳೆದಿದೆ. ನೋಡಲು ಬಂದವರೆಲ್ಲ ಹುಲಿ, ಸಿಂಹಗಳ ಕಡೆಗೆ ಧಾವಿಸುತ್ತಾರೆ. ಆದರೆ ಕನ್ನಡಿಗರು ಒಂದು ಗಳಿಗೆ ನಿಂತು ಕುಶಲ ವಿಚಾರಿಸಬೇಕಾದ ನಮ್ಮ ಸೀಮೆಯ ನೆಂಟನೊಬ್ಬ ಅಲ್ಲಿದ್ದಾನೆ. ಅವನೇ ಸಿಂಗಳೀಕ.

ಕರಿಯ ಮೋರೆ, ಅದರ ಸುತ್ತ ಬೂದುಬಣ್ಣದ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು. ಲೋಕದಲ್ಲಿ ಇವನ ಸ್ವಂತ ಮನೆಯೆಂದರೆ ಪಶ್ಚಿಮ ಘಟ್ಟದ ಮಳೆಕಾಡು ಮಾತ್ರ. ಅಲ್ಲಿ ಉಳಿದಿರುವುದು ಸುಮಾರು 4,000 ಎಂದು ಅಂದಾಜು. ತಾಯಿ ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹೆರುತ್ತದೆ. 2019ರಲ್ಲಿ ನಮ್ಮ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಇವನ ಹೆಸರನ್ನೇ ಸೇರಿಸಿದ್ದಾರೆ.

ಇನ್ನು ಲಂಟಾನ. ಅದನ್ನು ನೋಡಲು ಟಿಕೇಟು ಬೇಕಿಲ್ಲ. ಊರ ಹೊರಗಿನ ಪಾಳುಜಾಗಗಳಲ್ಲಿ, ಬೇಲಿಗಳಲ್ಲಿ ಹಳದಿ, ಕೆಂಪು, ಗುಲಾಬಿ ಗೊಂಚಲು ಹೊತ್ತು ನಿಂತಿರುತ್ತದೆ. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಆಂಗ್ಲರು ತೋಟದ ಅಲಂಕಾರಕ್ಕೆಂದು ತಂದರು. ಪಿಕಳಾರಗಳು ಅದರ ಕರಿಹಣ್ಣು ತಿಂದು ಬೀಜವನ್ನು ನಾಡೆಲ್ಲ ಬಿತ್ತಿದವು. ದನಗಳಿಗೆ ಅದರ ಎಲೆ ವಿಷ, ಆದ್ದರಿಂದ ಮೇಯುವವರಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಅದರ ಪೊದೆ ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಗೊಡದು.

ಕಛೇರಿಯ ಭಾಷೆಯಲ್ಲಿ ಹೇಳುವುದಾದರೆ, ಹಂಗಾಮಿಯಾಗಿ ಬಂದವನು ಖಾಯಂ ಆಗಿದ್ದಾನೆ; ಖಾಯಂ ನೌಕರನ ಹುದ್ದೆಗೇ ಸಂಚಕಾರ ಬಂದಿದೆ! ಆದರೆ ತಪ್ಪು ಗಿಡದ್ದಲ್ಲ. ದಟ್ಟ ಕಾಡಿನ ನೆರಳಿನಲ್ಲಿ ಲಂಟಾನ ತಲೆಯೆತ್ತಲಾರದು. ಮರ ಕಡಿದು ಬಿಸಿಲು ಬಿದ್ದಲ್ಲಿ ಅದು ನುಗ್ಗುತ್ತದೆ. ಸಿಂಗಳೀಕಕ್ಕೆ ದಾರಿ ತಪ್ಪುವುದೂ ಮರ ಕಡಿದಲ್ಲಿಯೇ. ಕೊಂಬೆಯಿಂದ ಕೊಂಬೆಗೆ ಹಾರಿ ಬಾಳುವ ಪ್ರಾಣಿ ಅದು. ನಡುವೆ ರಸ್ತೆಯೋ ತೋಟವೋ ಬಂದರೆ ಒಂದು ಹಿಂಡು ಇನ್ನೊಂದನ್ನು ಸೇರಲಾರದು. ಕೊಡಲಿ ಒಂದೇ, ಒಬ್ಬನಿಗೆ ಸುಗ್ಗಿ, ಇನ್ನೊಬ್ಬನಿಗೆ ಬರ.

ಊರು ಬಿಟ್ಟು ಬಂದು ಚೆನ್ನೈಯಲ್ಲಿ ಬೇರುಬಿಟ್ಟ ನಮಗೆ ಈ ಇಬ್ಬರಿಂದಲೂ ಪಾಠವುಂಟು. ಬಂದ ನೆಲದಲ್ಲಿ ಲಂಟಾನದಂತೆ ಗಟ್ಟಿಯಾಗಿ ನಿಲ್ಲೋಣ, ಆದರೆ ನೆರೆಯವರ ಬಿಸಿಲನ್ನು ಕಸಿಯುವುದು ಬೇಡ. ನಮ್ಮ ಮಾತಾದರೋ ಸಿಂಗಳೀಕದ ಜಾತಿಯದು. ಅದು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗುವಿಗೆ ಹಾರಿಯೇ ಬದುಕಬೇಕು. ನಡುವಿನ ಒಂದು ಮರವನ್ನು ನಾವೇ ಕಡಿದರೆ, ಆಚೆಯ ಕೊಂಬೆಯಲ್ಲಿ ಕಾದು ಕುಳಿತ ಮಗುವನ್ನು ಅದು ಹೇಗೆ ತಲುಪೀತು?